ಏಳು ವರ್ಷದ ನೋವು, ನಾಲ್ಕೂವರೆ ಮಿಲಿಮೀಟರ್ ಗಂಟು: ಇಳಕಲ್ಲಿನ ಒಂದು ನೇಕಾರ ಮನೆಯ ಪ್ರಕರಣ

ಜನವರಿಯ ಒಂದು ಬೆಳಗ್ಗೆ ಇಳಕಲ್ಲಿನಿಂದ ಮೂವರು ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ಬಂದರು. ನಾನು ಬಾಗಲಕೋಟೆಯ ನವನಗರದಲ್ಲಿ ರೇಡಿಯಾಲಜಿಸ್ಟ್. ಬಂದವರು 42 ವರ್ಷದ ಹೆಣ್ಣುಮಗಳು, ಆಕೆಯ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಆಕೆಯ ಬಲಗೈ ತೋರುಬೆರಳಿಗೆ ಒಂದು ಸಣ್ಣ ಉಣ್ಣೆ ಚೀಲ ಹಾಕಿತ್ತು. ಹಳೇ ಸ್ವೆಟರಿನ ತೋಳು ಕತ್ತರಿಸಿ ಹೊಲಿದದ್ದು. ಗಾಯ ಆಗಿರಬೇಕು ಅಂದುಕೊಂಡೆ. ಚೀಲ ತೆಗೆದರೆ ಗಾಯವೂ ಇಲ್ಲ, ಬಾವೂ ಇಲ್ಲ, ಕೀವೂ ಇಲ್ಲ. ನೋಡಲಿಕ್ಕೆ ಒಳ್ಳೆಯ ಬೆರಳು. ಚೀಲ ಇದ್ದದ್ದು ಗಾಳಿ ತಾಗಬಾರದು ಅಂತ.

"ಥಂಡಿ ನೀರಾಗ ಕೈ ಇಟ್ರ ಜೀವಾನ ಹೋದಂಗ ಆಗತೈತ್ರಿ ಬಾಯಾರ," ಅಂದರು. ಏಳು ವರ್ಷದಿಂದ ಹೀಗೇ.

ಅತ್ತೆಗೆ ಬೇರೆಯದೇ ಚಿಂತೆ. ನಮ್ಮ ಕೋಣೆಯ ಗೋಡೆ ಮೇಲೆ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಫಲಕ ಇದೆ. 1994ರ ಕಾನೂನಿನ ಪ್ರಕಾರ ಎಲ್ಲಾ ಸ್ಕ್ಯಾನಿಂಗ್ ಸೆಂಟರಿನಲ್ಲೂ ಅದು ಇರಲೇಬೇಕು. ಮೊಮ್ಮಗಳು ಅದನ್ನು ಓದಿ ಹೇಳಿದಳು. ಆ ಅಜ್ಜಿ ನನ್ನ ಮುಖ ನೋಡಿ, "ಬೆರಳಿಗೆ ಎಂಥಾ ಸ್ಕ್ಯಾನಿಂಗ್ ರೀ? ಇದು ಬಸರಿ ಹೆಣ್ಮಕ್ಕಳಿಗೆ ಮಾಡೂದಲ್ಲೇನ್ರಿ?" ಅಂತ ಕೇಳಿದರು. ಅವರ ಪ್ರಶ್ನೆ ತಪ್ಪಲ್ಲ. ನಮ್ಮ ಭಾಗದಲ್ಲಿ ಸ್ಕ್ಯಾನಿಂಗ್ ಅಂದರೆ ಹೊಟ್ಟೆ, ಹೊಟ್ಟೆ ಅಂದರೆ ಬಸಿರು. ಉಗುರನ್ನೂ ಅದೇ ಮಿಷಿನ್‌ನಲ್ಲಿ ನೋಡಬಹುದು ಅನ್ನುವುದು ಎಷ್ಟೋ ಡಾಕ್ಟರುಗಳಿಗೇ ನೆನಪಿಗೆ ಬರುವುದಿಲ್ಲ. ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನಿಸಿತು. ಆಕೆ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ಏಳು ವರ್ಷದ ದಾರಿ

ಆಕೆಯದು ಕೈಮಗ್ಗದ ಮನೆ. ಗಂಡ ಮಗ್ಗದ ಮೇಲೆ ಕೂರುತ್ತಾರೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಬೇರೆ ಬೇರೆ ತಯಾರು ಮಾಡಿಕೊಂಡು, ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಬೇಕು. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಇವರ ಮನೆಯಲ್ಲಿ ಅದನ್ನು ಮಾಡುತ್ತಿದ್ದದ್ದು ಈಕೆ. ಕಣ್ಣಿಗಿಂತ ಜಾಸ್ತಿ ಬೆರಳ ತುದಿಯ ಕೆಲಸ ಅದು. ಹೆಬ್ಬೆರಳು, ತೋರುಬೆರಳು ಎರಡರ ನಡುವೆ ಎಳೆ ಹೊಸೆದು ಎಳೆಯಬೇಕು.

ನೋವು ಶುರುವಾದದ್ದು ಒಂದು ಚಳಿಗಾಲದಲ್ಲಿ. ಮೊದಲು ಉಗುರುಸುತ್ತು ಅಂದುಕೊಂಡರು. ಮನೆಯಲ್ಲಿ ಲಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದರು. ಆಮೇಲೆ ಗುಳಿಗೆ ತಗೊಂಡರು. ಆ ಗುಳಿಗೆಗೆ ಕಡಿಮೆ ಆಗಲಿಲ್ಲ ಅಂತ ಉಗುರಿಗೆ ಫಂಗಸ್ ಆಗಿದೆ ಅಂತ ಹೇಳಿ ತಿಂಗಳುಗಟ್ಟಲೆ ಬೇರೆ ಗುಳಿಗೆ ಕೊಟ್ಟರು. ಇನ್ನೊಂದು ಕಡೆ ಕುತ್ತಿಗೆಯ ನರ ಒತ್ತಿದೆ ಅಂದರು. ಕುತ್ತಿಗೆಯ ಎಕ್ಸ್‌ರೇ ಆಯಿತು, ಪಟ್ಟಿ ಕಟ್ಟಿಕೊಂಡದ್ದೂ ಆಯಿತು. ನಾಲ್ಕು ವರ್ಷದ ಹಿಂದೆ ಒಬ್ಬರು ಉಗುರನ್ನೇ ಕಿತ್ತರು. ಅದು ಮತ್ತೆ ಬೆಳೆಯಿತು, ನೋವು ಎಲ್ಲಿತ್ತೋ ಅಲ್ಲೇ ಉಳಿಯಿತು. ಬೆರಳಿನ ಎಕ್ಸ್‌ರೇ ತೆಗೆಸಿದಾಗ ನಾರ್ಮಲ್ ಅಂತ ಬಂತು. ಕೊನೆಗೆ ಒಂದು ದೊಡ್ಡ ಊರಿನಲ್ಲಿ, ಬೆರಳಲ್ಲಿ ಏನೂ ಇಲ್ಲ, ಇದು ಮನಸ್ಸಿನದು ಅಂತ ನಿದ್ದೆ ಬರುವ ಗುಳಿಗೆ ಬರೆದುಕೊಟ್ಟರು.

"ನಾ ಹೇಳೂದು ಯಾರೂ ನಂಬಲಿಲ್ರಿ," ಅಂತ ಹೇಳುವಾಗ ಆಕೆ ಅಳಲಿಲ್ಲ. ಅತ್ತೆ ಅತ್ತರು. ಸೊಸೆ ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಹೀಗೆ ಮಾಡುತ್ತಾಳೆ ಅಂತ ಅವರೂ ಒಂದೆರಡು ವರ್ಷ ಅಂದುಕೊಂಡಿದ್ದರಂತೆ. ಅದನ್ನು ಅವರೇ ನನ್ನ ಮುಂದೆ ಬಾಯಿಬಿಟ್ಟು ಹೇಳಿದರು.

ಇಷ್ಟೆಲ್ಲ ಆದಮೇಲೆ ಅವರು ಬಾಗಲಕೋಟೆಯ ಒಬ್ಬ ಚಿಕ್ಕ ವಯಸ್ಸಿನ ಚರ್ಮದ ಡಾಕ್ಟರ ಹತ್ತಿರ ಹೋದರು. ಅವರು ಬರೆದ ಚೀಟಿ ನನ್ನ ಕೈಗೆ ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು: "ಬಲ ತೋರುಬೆರಳು, ಉಗುರಿನ ಕೆಳಗೆ ಗ್ಲೋಮಸ್ ಗಡ್ಡೆ ಇದೆಯೇ ನೋಡಿ." ಈ ಸಾಲಿಗೆ ನಾನು ತುಂಬ ಬೆಲೆ ಕೊಡುತ್ತೇನೆ. ಚೀಟಿಯಲ್ಲಿ ಸುಮ್ನೆ "ಬೆರಳು ನೋವು, ಸ್ಕ್ಯಾನ್ ಮಾಡಿ" ಅಂತ ಇದ್ದಿದ್ದರೆ, ನಾನೂ ಗೆಣ್ಣು, ಸ್ನಾಯುಹುರಿ ನೋಡಿ ಸರಿಯಿದೆ ಅಂತ ಕಳಿಸಿಬಿಡುವ ಸಾಧ್ಯತೆ ಇತ್ತು.

ಏನಿದು ಗ್ಲೋಮಸ್

ನಮ್ಮ ಬೆರಳ ತುದಿಯಲ್ಲಿ, ಅದರಲ್ಲೂ ಉಗುರಿನ ಕೆಳಗೆ, ಗ್ಲೋಮಸ್ ಅನ್ನುವ ಸಣ್ಣ ಸಣ್ಣ ರಚನೆಗಳು ತುಂಬಿಕೊಂಡಿವೆ. ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ಶುದ್ಧ ರಕ್ತದ ನಾಳದಿಂದ ಅಶುದ್ಧ ರಕ್ತದ ನಾಳಕ್ಕೆ ನೇರವಾಗಿ ಹೋಗುವ ಒಂದು ಅಡ್ಡದಾರಿ, ಅದರ ಸುತ್ತ ಬಿಗಿಯುವ, ಸಡಿಲಿಸುವ ಜೀವಕೋಶಗಳು, ಜೊತೆಗೆ ನರದ ಎಳೆಗಳು. ಚಳಿಗೆ ಮುಚ್ಚಿಕೊಂಡು, ಸೆಕೆಗೆ ತೆರೆದುಕೊಂಡು ಮೈಯ ಶಾಖ ಕಾಯುವುದು ಅವುಗಳ ಕೆಲಸ. ಈ ಜೀವಕೋಶಗಳು ಒಂದು ಕಡೆ ಬೆಳೆದು ಗಂಟಾದರೆ ಅದೇ ಗ್ಲೋಮಸ್ ಗಡ್ಡೆ. ಕ್ಯಾನ್ಸರ್ ಅಲ್ಲ. ಕೆಟ್ಟ ಸ್ವಭಾವದ್ದು ಆಗುವುದು ಬಹಳ ಬಹಳ ಅಪರೂಪ. ಉಗುರಿನ ಕೆಳಗಿನದು ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ ಬರುತ್ತದೆ.

ಇಷ್ಟು ಸಣ್ಣದು ಅಷ್ಟು ನೋವು ಕೊಡುವುದು ಯಾಕೆ? ಉಗುರಿನ ಕೆಳಗೆ ಜಾಗವೇ ಇಲ್ಲ. ಮೇಲೆ ಗಟ್ಟಿ ಉಗುರು, ಕೆಳಗೆ ಎಲುಬು. ನಡುವೆ ಒಂದು ಮೆತ್ತನೆ ಪದರ. ಇದನ್ನು ನಾವು ನೇಲ್ ಬೆಡ್ ಅಂತೀವಿ. ಮೈಯ ಬೇರೆ ಕಡೆ ಇರುವ ಹಾಗೆ ಇಲ್ಲಿ ಕೊಬ್ಬಿನ ಪದರ ಇಲ್ಲ. ಹಾಗಾಗಿ ಗಂಟು ಬೆಳೆದರೆ ಮೇಲೆ ಉಗುರಿಗೆ ಒತ್ತುತ್ತದೆ, ಕೆಳಗೆ ಎಲುಬಿಗೆ ಒತ್ತುತ್ತದೆ. ಚಳಿಗೆ ಆ ಬಿಗಿಯುವ ಜೀವಕೋಶಗಳು ಒಟ್ಟಿಗೇ ಬಿಗಿದು ಒಳಗಿನ ಒತ್ತಡ ಏರುತ್ತದೆ, ಅದೇ ಜೀವ ಹಿಂಡುವ ನೋವು ಅಂತ ಭಾವಿಸಲಾಗಿದೆ.

ಈ ನೋವು ಹೊಸದೇನೂ ಅಲ್ಲ. 1812ರಲ್ಲೇ ಎಡಿನ್‌ಬರೋದ ಸರ್ಜನ್ ವಿಲಿಯಂ ವುಡ್ ಚರ್ಮದ ಕೆಳಗಿನ ನೋವಿನ ಗಂಟುಗಳ ಬಗ್ಗೆ ಬರೆದಿದ್ದರು. 1924ರಲ್ಲಿ ಪಿಯೆರ್ ಮ್ಯಾಸನ್ ಅದು ಗ್ಲೋಮಸ್‌ನಿಂದ ಹುಟ್ಟಿದ್ದು ಅಂತ ತೋರಿಸಿದರು. ನೂರು ವರ್ಷದಿಂದ ಗೊತ್ತಿರುವ ಕಾಯಿಲೆ. ಆದರೂ ನಮ್ಮ ಇಳಕಲ್ಲಿನ ಈ ತಾಯಿಗೆ ಏಳು ವರ್ಷ ಬೇಕಾಯಿತು.

ಮಿಷಿನ್ ಮುಟ್ಟುವ ಮೊದಲು

ಸ್ಕ್ಯಾನ್ ಮಾಡುವ ಮೊದಲು ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಉಗುರಿನ ಬುಡದಲ್ಲಿ ಬಿಳಿ ಅರ್ಧಚಂದ್ರ ಇರುತ್ತದೆ ಅಲ್ವಾ, ಅದರ ಮೇಲೆ ಹೆಬ್ಬೆರಳ ಕಡೆಗೆ ಒಂದು ಮಸುಕಾದ ನೀಲಿಗೆಂಪು ಕಲೆ. ಅಲ್ಲಿಂದ ಉಗುರಿನ ತುದಿವರೆಗೆ ಒಂದು ಸಣ್ಣ ಏರು ಗೆರೆ. ಎಡಗೈಯ ಅದೇ ಬೆರಳಲ್ಲಿ ಇವೆರಡೂ ಇರಲಿಲ್ಲ. ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದರೆ, ಮದರಂಗಿ ಹಾಕಿಕೊಂಡಿದ್ದರೆ ಈ ಕಲೆ ಕಾಣುತ್ತಲೇ ಇರಲಿಲ್ಲ.

ಆಮೇಲೆ ಒಂದು ಗುಂಡುಸೂಜಿಯ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಮೆಲ್ಲಗೆ ಒತ್ತುತ್ತಾ ಹೋದೆ. ತುದಿಯಲ್ಲಿ ಏನೂ ಇಲ್ಲ. ಮಧ್ಯದಲ್ಲಿ ಏನೂ ಇಲ್ಲ. ಆ ಕಲೆಯ ಮೇಲೆ ಇಟ್ಟ ತಕ್ಷಣ ಕೈ ಎಳೆದುಕೊಂಡರು. ಎರಡು ಮಿಲಿಮೀಟರ್ ಆಚೆ ಒತ್ತಿದರೆ ಮತ್ತೆ ಏನೂ ಇಲ್ಲ. ಇದು ಲವ್ ಅನ್ನುವ ಅಮೆರಿಕದ ಸರ್ಜನ್ 1944ರಲ್ಲಿ ಹೇಳಿದ ಪರೀಕ್ಷೆ. ಕುತ್ತಿಗೆಯ ನರದ ನೋವು, ಮನಸ್ಸಿನ ನೋವು ಹೀಗೆ ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ ಕೂರುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಹಿಲ್ಡ್ರೆತ್ ಅನ್ನುವವರು 1970ರಲ್ಲಿ ಬರೆದದ್ದು. ನನಗೆ ಅದರ ಮೇಲೆ ವಿಶೇಷ ಪ್ರೀತಿ. ಕೈ ಮೇಲೆತ್ತಿಸಿ ರಕ್ತ ಇಳಿಸಬೇಕು. ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ, ಅವರ ಬಿ.ಪಿ.ಗಿಂತ ಜಾಸ್ತಿ ಗಾಳಿ ತುಂಬಬೇಕು. ಕೈಗೆ ರಕ್ತ ಹೋಗುವುದು ನಿಲ್ಲುತ್ತದೆ. ಆಗ ಅದೇ ಜಾಗಕ್ಕೆ ಗುಂಡುಸೂಜಿ ಇಟ್ಟೆ. ಆಕೆ ಸುಮ್ಮನಿದ್ದರು. "ಒತ್ತಿದ್ರಿ ಏನು?" ಅಂತ ಕೇಳಿದರು. ಒತ್ತಿದ್ದೆ. ಗಾಳಿ ಬಿಟ್ಟೆ, ರಕ್ತ ವಾಪಸ್ ಬಂತು, ನೋವು ತಟ್ಟನೆ ಬಂತು. ಏಳು ವರ್ಷದಲ್ಲಿ ಆ ಜಾಗ ಮುಟ್ಟಿದಾಗ ನೋಯದೇ ಇದ್ದ ಒಂದು ನಿಮಿಷ ಅದು. ಆಕೆ ಮಗಳ ಕಡೆ ತಿರುಗಿ ನೋಡಿದ್ದು ನನಗೆ ಈಗಲೂ ಕಣ್ಣ ಮುಂದಿದೆ.

ಬಿ.ಪಿ. ಪಟ್ಟಿ, ಗುಂಡುಸೂಜಿ ಇಲ್ಲದ ದವಾಖಾನೆ ಇಲ್ಲ. ಮಂಜುಗಡ್ಡೆಯ ತುಂಡು ಬೆರಳಿಗೆ ಇಟ್ಟು ನೋವು ಏರುತ್ತದೆಯೇ ನೋಡುವುದು ಮೂರನೇ ಪರೀಕ್ಷೆ. ಅದನ್ನು ನಾನು ಮಾಡಲಿಲ್ಲ. ಜನವರಿಯ ನಸುಕಿನಲ್ಲಿ ಬಸ್ಸಿನ ಕಿಟಕಿಯ ಗಾಳಿ ಆ ಪರೀಕ್ಷೆಯನ್ನು ಮಾಡಿ ಮುಗಿಸಿತ್ತು.

ಮೈಮೇಲೆ ಹಾಲು ಹಾಕಿದ ಕಾಫಿಯ ಬಣ್ಣದ ಚಪ್ಪಟೆ ಮಚ್ಚೆಗಳು ಇವೆಯೇ ಅಂತಲೂ ನೋಡಿದೆ. ನ್ಯೂರೋಫೈಬ್ರೊಮಾಟೋಸಿಸ್ ಅನ್ನುವ ವಂಶದ ಕಾಯಿಲೆ ಇದ್ದವರಲ್ಲಿ ಹಲವು ಬೆರಳುಗಳಲ್ಲಿ ಇಂಥ ಗಂಟು ಬರಬಹುದು. ಇವರಲ್ಲಿ ಅಂಥದ್ದೇನೂ ಇರಲಿಲ್ಲ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಗೊತ್ತಾದ ಮೇಲೂ ಮೊದಲ ಸಲ ಸ್ಕ್ಯಾನ್ ಇಟ್ಟಾಗ ನನಗೆ ಗಂಟು ಕಾಣಲಿಲ್ಲ. ಇದನ್ನು ಬರೆಯಲೇಬೇಕು. ಯಾಕೆಂದರೆ ಇಲ್ಲೇ ಬಹಳ ಜನ ಎಡವುತ್ತಾರೆ.

ನಮ್ಮ ಸ್ಕ್ಯಾನ್ ಅಂದರೆ ಅಲ್ಟ್ರಾಸೌಂಡ್. ಮೈಗೆ ಇಟ್ಟು ಧ್ವನಿಯ ಅಲೆ ಕಳಿಸುವ ಸಾಧನ ಪ್ರೋಬ್, ಆ ಅಲೆಯ ಕಂಪನದ ಅಳತೆ ಮೆಗಾಹರ್ಟ್ಜ್. ಹೊಟ್ಟೆ ನೋಡುವ ಪ್ರೋಬ್ ಮೂರರಿಂದ ಐದು ಮೆಗಾಹರ್ಟ್ಜ್ ಆಸುಪಾಸು ಕೆಲಸ ಮಾಡುತ್ತದೆ. ಆಳಕ್ಕೆ ಹೋಗುತ್ತದೆ, ಆದರೆ ಸಣ್ಣದು ಕಾಣುವುದಿಲ್ಲ. ಮೆಗಾಹರ್ಟ್ಜ್ ಏರಿದಷ್ಟೂ ಸಣ್ಣ ಸಣ್ಣದು ಬಿಡಿಸಿ ಕಾಣುತ್ತದೆ, ಆದರೆ ಆಳ ಸಿಗುವುದಿಲ್ಲ. ಉಗುರಿಗೆ ಆಳ ಬೇಕಾಗಿಯೇ ಇಲ್ಲ. ಎಲುಬಿನವರೆಗೆ ಕೆಲವೇ ಮಿಲಿಮೀಟರ್. ಹಾಗಾಗಿ 15 ಮೆಗಾಹರ್ಟ್ಜ್ ಅಥವಾ ಅದಕ್ಕಿಂತ ಜಾಸ್ತಿಯ ಪ್ರೋಬ್ ಬೇಕು. ನಮ್ಮಲ್ಲಿ 18 ಮೆಗಾಹರ್ಟ್ಜ್‌ವರೆಗೆ ಹೋಗುವ, ಹಾಕಿ ಕೋಲಿನ ಹಾಗೆ ಬಾಗಿದ ಸಣ್ಣ ಪ್ರೋಬ್ ಇದೆ. ಆದರೆ ಆ ದಿನ ನಾನು ಆಗಷ್ಟೇ ಒಬ್ಬರ ಥೈರಾಯ್ಡ್ ನೋಡಿ ಮುಗಿಸಿದ್ದೆ. ಕೈಯಲ್ಲಿದ್ದ ಪ್ರೋಬನ್ನೇ ಬೆರಳಿಗೆ ಇಟ್ಟೆ. ಥೈರಾಯ್ಡಿಗೆ ಒತ್ತುವ ಹಾಗೇ ಒತ್ತಿದೆ.

ಆಕೆ "ಯವ್ವಾ" ಅಂತ ಕೂಗಿದರು. ಪರದೆಯಲ್ಲಿ ಉಗುರು ಕಂಡಿತು, ಎಲುಬು ಕಂಡಿತು, ನಡುವೆ ಕಪ್ಪಾದ ಏನೋ ಒಂದು ಮಸುಕು. ರಕ್ತದ ಓಟ ತೋರಿಸುವ ಕಲರ್ ಡಾಪ್ಲರ್ ಹಾಕಿದೆ. ಒಂದು ಚುಕ್ಕೆ ಬಣ್ಣವೂ ಬರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ "ಖಚಿತವಾಗಿ ಏನೂ ಕಾಣುತ್ತಿಲ್ಲ" ಅಂತ ಬರೆದು ಕೊಡುತ್ತಿದ್ದೆ. ಎಂಟನೇ ವರ್ಷ ಶುರುವಾಗುತ್ತಿತ್ತು.

ತಡೆದದ್ದು ಗುಂಡುಸೂಜಿಯ ನೆನಪು. ಬೆರಳು ಅಷ್ಟು ಸ್ಪಷ್ಟವಾಗಿ ಹೇಳುತ್ತಿರುವಾಗ ಪರದೆ ಯಾಕೆ ಹೇಳುತ್ತಿಲ್ಲ? ಆಗ ಹೊಳೆಯಿತು. ಗ್ಲೋಮಸ್ ಗಂಟಿನ ಒಳಗೆ ತುಂಬ ರಕ್ತನಾಳ ಇರುತ್ತವೆ. ಒತ್ತಿದರೆ ನಾಳ ಚಪ್ಪಟೆಯಾಗಿ ರಕ್ತ ಆಚೆ ಹೋಗುತ್ತದೆ. ಮೇಲೆ ಗಟ್ಟಿ ಉಗುರು ಇದ್ದರೂ ಒತ್ತಡ ಕೆಳಗೆ ಮುಟ್ಟುತ್ತದೆ. ನನ್ನ ಕೈಯೇ ಗಂಟಿನ ರಕ್ತವನ್ನು ಹಿಂಡಿತ್ತು. ಅದರ ಜೊತೆ ಎ.ಸಿ. ಬೇರೆ. ಮಿಷಿನ್ ಬಿಸಿಯಾಗಬಾರದು ಅಂತ ನಮ್ಮ ಕೋಣೆ ಜನವರಿಯಲ್ಲೂ ತಣ್ಣಗಿರುತ್ತದೆ. ತಣ್ಣಗಿನ ಬೆರಳಲ್ಲಿ ರಕ್ತನಾಳ ಮುದುಡಿಕೊಳ್ಳುತ್ತದೆ.

ಎ.ಸಿ. ಆರಿಸಿದೆ. ಆಕೆಯನ್ನು ಹೊರಗೆ ಬಿಸಿಲಲ್ಲಿ ಹತ್ತು ನಿಮಿಷ ಕೂರಿಸಿ, ಬಿಸಿ ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿಕ್ಕೆ ಹೇಳಿದೆ.

ಎರಡನೇ ಸಲ

ಈ ಸಲ ಕೈಯನ್ನು ದಿಂಬಿನ ಮೇಲೆ ಅಂಗಾತ ಅಲ್ಲ, ಉಗುರು ಮೇಲೆ ಬರುವ ಹಾಗೆ ಇಟ್ಟೆವು. ಉಗುರಿನ ಮೇಲೆ ಜೆಲ್ ಗುಡ್ಡೆ ಹಾಕಿದೆ. ಸವರುವುದಲ್ಲ, ನಿಜವಾಗಿ ಗುಡ್ಡೆ, ಅರ್ಧ ಬೆರಳು ದಪ್ಪ. ಹಾಕಿ ಕೋಲಿನ ಪ್ರೋಬನ್ನು ಆ ಜೆಲ್ ಮೇಲೆ ತೇಲಿಸಿ ಹಿಡಿದೆ. ಉಗುರಿಗೆ ತಾಗಿಸಲೇ ಇಲ್ಲ. ನನ್ನ ಕಿರುಬೆರಳನ್ನು ದಿಂಬಿಗೆ ಆನಿಸಿಕೊಂಡೆ, ಕೈ ನಡುಗಬಾರದು ಅಂತ. ಡಾಪ್ಲರನ್ನು ನಿಧಾನಗತಿಯ ರಕ್ತ ಹಿಡಿಯುವ ಹಾಗೆ ಇಳಿಸಿಕೊಂಡೆ. ದೊಡ್ಡ ರಕ್ತನಾಳಕ್ಕೆ ಇಟ್ಟ ಅಳತೆಯಲ್ಲಿ ಈ ಸಣ್ಣ ಓಟ ಕಾಣುವುದಿಲ್ಲ.

ಮೊದಲು ಎಡಗೈಯ ಒಳ್ಳೆಯ ಬೆರಳು ನೋಡಿದೆ. ಯಾವಾಗಲೂ ಹಾಗೇ ಮಾಡಬೇಕು. ಉಗುರು ಸ್ಕ್ಯಾನಿನಲ್ಲಿ ರೈಲು ಹಳಿಯ ಹಾಗೆ ಕಾಣುತ್ತದೆ. ಮೇಲೊಂದು ಬೆಳ್ಳಗಿನ ಗೆರೆ, ಕೆಳಗೊಂದು ಬೆಳ್ಳಗಿನ ಗೆರೆ, ನಡುವೆ ಸಣ್ಣ ಕಪ್ಪು ಪಟ್ಟಿ. ಅದರ ಕೆಳಗೆ ಬೂದು ಬಣ್ಣದ ನೇಲ್ ಬೆಡ್. ಬುಡದ ಕಡೆಗೆ ಸ್ವಲ್ಪ ಬೆಳ್ಳಗೆ ಕಾಣುವ ಜಾಗ ಉಗುರು ಹುಟ್ಟುವ ಮೇಟ್ರಿಕ್ಸ್. ಎಲ್ಲಕ್ಕಿಂತ ಕೆಳಗೆ ಫಳಫಳ ಹೊಳೆಯುವ ಎಲುಬಿನ ಗೆರೆ. ಡಾಪ್ಲರಿನಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣದ ಚುಕ್ಕೆ.

ಬಲಗೈಯ ಬೆರಳಿಗೆ ಬಂದೆ. ಆ ಮಸುಕು ಈಗ ಮಸುಕಾಗಿ ಇರಲಿಲ್ಲ. ಅಂಚು ಸ್ಪಷ್ಟವಾಗಿರುವ, ಕಪ್ಪಗಿನ, ಒಂದು ಅಲಸಂದಿ ಕಾಳಿನ ಆಕಾರದ ಗಂಟು. ಉದ್ದ 4.6 ಮಿ.ಮೀ., ಅಗಲ 3.4, ದಪ್ಪ 2.3. ಮೇಲಿನ ಉಗುರು ಆ ಜಾಗದಲ್ಲಿ ಸ್ವಲ್ಪ ಉಬ್ಬಿತ್ತು. ಕೆಳಗೆ ಎಲುಬಿನ ಗೆರೆ ನೇರವಾಗಿ ಬರುತ್ತಾ ಗಂಟಿನ ಅಡಿಯಲ್ಲಿ ತಟ್ಟೆಯ ಹಾಗೆ ತಗ್ಗಾಗಿ ಮತ್ತೆ ಮೇಲೆ ಬಂದಿತ್ತು. ವರ್ಷಗಟ್ಟಲೆ ಒತ್ತಿ ಒತ್ತಿ ಆದ ತಗ್ಗು. ಡಾಪ್ಲರ್ ಹಾಕಿದೆ. ಇಡೀ ಗಂಟು ಬಣ್ಣ ತುಂಬಿಕೊಂಡು ಉರಿಯಿತು.

ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. "ಅಕ್ಕಾರ, ನೋಡ್ರಿ. ಇದ ನಿಮ್ಮ ನೋವು," ಅಂದೆ. ಆಕೆ ಬಹಳ ಹೊತ್ತು ನೋಡಿದರು. ಆಮೇಲೆ ಅತ್ತೆಯನ್ನು ಕರೆದು ತೋರಿಸಿದರು. ಈಗ ಅತ್ತರು.

ಹಳೆಯ ಎಕ್ಸ್‌ರೇಯನ್ನು ಮತ್ತೆ ತೆಗೆದು ನೋಡಿದೆ. ಎದುರಿನಿಂದ ತೆಗೆದ ಒಂದೇ ಚಿತ್ರ ಇತ್ತು. ಪಕ್ಕದಿಂದ ತೆಗೆದಿರಲಿಲ್ಲ. ಎಲುಬಿನ ಬೆನ್ನ ಮೇಲೆ ಆದ ತಗ್ಗು ಎದುರಿನಿಂದ ಕಾಣುವುದು ಕಷ್ಟ. ಎಕ್ಸ್‌ರೇಗೆ ಮೆತ್ತನೆ ಗಂಟು ಹೇಗೂ ಕಾಣುವುದಿಲ್ಲ. ನಾರ್ಮಲ್ ಅಂತ ಬಂದದ್ದು ಅದಕ್ಕೇ.

ಬೇರೆ ಏನಾದರೂ ಇರಬಹುದೇ

ಉಗುರಿನ ಕೆಳಗೆ ಬೆಳೆಯುವುದೆಲ್ಲ ಗ್ಲೋಮಸ್ ಅಲ್ಲ. ಬೆರಳ ತುದಿಯ ಗೆಣ್ಣಿನಿಂದ ಅಂಟಾದ ನೀರು ಹೊರಬಂದು ಉಗುರಿನ ಬುಡದಲ್ಲಿ ನೀರುಗುಳ್ಳೆ ಆಗುತ್ತದೆ, ಮಿಕ್ಸಾಯ್ಡ್ ಸಿಸ್ಟ್ ಅಂತ. ಅದು ಸ್ಕ್ಯಾನಿನಲ್ಲಿ ಪೂರ್ತಿ ಕಪ್ಪು, ಒಳಗೆ ರಕ್ತದ ಓಟ ಇಲ್ಲ. ಹುಡುಕಿದರೆ ಗೆಣ್ಣಿನಿಂದ ಬರುವ ಸಣ್ಣ ದಾರಿಯೂ ಸಿಗುತ್ತದೆ. ಇಲ್ಲಿ ಬಣ್ಣ ತುಂಬಿತ್ತು, ಹಾಗಾಗಿ ಅದಲ್ಲ. ಎಲುಬೇ ಬೆಳೆದು ಉಗುರನ್ನು ಮೇಲೆತ್ತುವುದು ಇನ್ನೊಂದು. ಅದು ಬೆಳ್ಳಗೆ ಹೊಳೆದು ಹಿಂದೆ ನೆರಳು ಬಿಡುತ್ತದೆ. ಇಲ್ಲಿ ಎಲುಬು ಬೆಳೆದಿರಲಿಲ್ಲ, ತಗ್ಗಾಗಿತ್ತು. ಒನೈಕೋಮೇಟ್ರಿಕೋಮಾ ಅನ್ನುವ ಅಪರೂಪದ ಬೆಳವಣಿಗೆ ಮೇಟ್ರಿಕ್ಸಿನಿಂದ ಹುಟ್ಟಿ ಬೆರಳಿನ ಹಾಗೆ ಚಾಚಿಕೊಂಡು ಉಗುರಿನ ಒಳಗೇ ನುಗ್ಗುತ್ತದೆ. ಉಗುರು ದಪ್ಪಗೆ, ಹಳದಿಯಾಗಿ, ತುದಿಯಲ್ಲಿ ಸಣ್ಣ ತೂತುಗಳಾಗಿ ಕಾಣುತ್ತದೆ. ಫಂಗಸ್ ಅಂತ ವರ್ಷಗಟ್ಟಲೆ ಗುಳಿಗೆ ತಿನ್ನುವವರಲ್ಲಿ ಕೆಲವರಿಗೆ ಇರುವುದು ಇದು. ಈಕೆಯ ಉಗುರು ತೆಳ್ಳಗೆ, ಹಳಿಯ ಗೆರೆಗಳು ಎರಡೂ ಗಟ್ಟಿಯಾಗಿ ಇದ್ದವು. ನಾರಿನ ಗಂಟುಗಳಿಗೆ ಇಷ್ಟು ರಕ್ತ ಇರುವುದಿಲ್ಲ, ಇಷ್ಟು ನೋವೂ ಇರುವುದಿಲ್ಲ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಉಗುರಿನಲ್ಲಿ ಕಪ್ಪು ಪಟ್ಟಿ ಬಂದು ಅಗಲ ಆಗುತ್ತಿದ್ದರೆ, ಕಪ್ಪು ಬಣ್ಣ ಉಗುರಿನ ಸುತ್ತಲಿನ ಚರ್ಮಕ್ಕೂ ಹರಡಿದರೆ, ಅದು ಮೆಲನೋಮಾ ಅನ್ನುವ ಕ್ಯಾನ್ಸರ್ ಇರಬಹುದು. ಅಲ್ಟ್ರಾಸೌಂಡಿಗೆ ಬಣ್ಣ ಕಾಣುವುದಿಲ್ಲ. ಸ್ಕ್ಯಾನ್ ಚೆನ್ನಾಗಿ ಬಂತು ಅಂತ ಅಂಥ ಉಗುರನ್ನು ಯಾರೂ ಬಿಡಬಾರದು. ಅಲ್ಲಿ ತುಂಡು ತೆಗೆದು ಪರೀಕ್ಷೆಗೆ ಕಳಿಸಲೇಬೇಕು.

ಎಂ.ಆರ್.ಐ. ಬೇಕೇ ಅಂತ ಚರ್ಮದ ಡಾಕ್ಟರ್ ಫೋನಿನಲ್ಲಿ ಕೇಳಿದರು. ಎಂ.ಆರ್.ಐ.ಯಲ್ಲೂ ಗ್ಲೋಮಸ್ ಚೆನ್ನಾಗಿ ಕಾಣುತ್ತದೆ. ಆದರೆ ಇಲ್ಲಿ ಜಾಗ, ಅಳತೆ, ರಕ್ತದ ಓಟ, ಎಲುಬಿನ ತಗ್ಗು, ಎಲ್ಲ ಸಿಕ್ಕಿತ್ತು. ಗುಂಡುಸೂಜಿ ತೋರಿಸಿದ ಜಾಗಕ್ಕೂ ಪರದೆಯ ಜಾಗಕ್ಕೂ ಸರಿಯಾಗಿ ತಾಳೆ ಆಗಿತ್ತು. ಬೇಡ ಅಂದೆ.

ಸರ್ಜನ್‌ಗೆ ಒಂದು ನಕ್ಷೆ

ರಿಪೋರ್ಟಿನಲ್ಲಿ "ಉಗುರಿನ ಕೆಳಗೆ ಗಂಟು ಇದೆ" ಅಂತ ಬರೆದರೆ ಸಾಲದು. ಉಗುರು ತೆಗೆದ ಮೇಲೆ ರಕ್ತ ಬರದ ಹಾಗೆ ಬೆರಳಿಗೆ ಕಟ್ಟು ಹಾಕಿರುತ್ತಾರೆ. ಗಂಟಿನ ಬಣ್ಣ ಮಂಕಾಗುತ್ತದೆ. ಆಗ ಅದನ್ನು ಹುಡುಕುವುದು ಸುಲಭ ಅಲ್ಲ. ಸ್ವಲ್ಪ ಉಳಿದರೂ ನೋವು ವಾಪಸ್ ಬರುತ್ತದೆ. ಅದಕ್ಕೆ ನಾನು ಕಾಗದದ ಮೇಲೆ ಉಗುರು ದೊಡ್ಡದಾಗಿ ಬರೆದು ಗಂಟನ್ನು ಗುರುತು ಮಾಡಿದೆ: ಉಗುರಿನ ಬುಡದ ಚರ್ಮದ ಅಂಚಿನಿಂದ 2 ಮಿ.ಮೀ. ಮುಂದೆ ಶುರು, ನಡುಗೆರೆಯಿಂದ ಹೆಬ್ಬೆರಳ ಕಡೆಗೆ 1.5 ಮಿ.ಮೀ., ಮೇಟ್ರಿಕ್ಸಿನ ಮುಂದಿನ ತುದಿಗೆ ತಾಗಿದೆ. ಎರಡನೇ ಗಂಟು ಇಲ್ಲ ಅಂತಲೂ ಬರೆದೆ. ಕೆಲವೊಮ್ಮೆ ಎರಡು ಇರುತ್ತವೆ. ಒಂದನ್ನು ತೆಗೆದು ಇನ್ನೊಂದನ್ನು ಬಿಟ್ಟರೆ ಕಷ್ಟ.

ಮೇಟ್ರಿಕ್ಸಿಗೆ ತಾಗಿದೆ ಅನ್ನುವ ಮಾತಿಗೆ ಒಂದು ಕಾರಣ ಇದೆ. ಅಲ್ಲಿ ಚಾಕು ತಾಗಿದರೆ ಮುಂದೆ ಉಗುರು ಸೀಳಿಕೊಂಡು ಬೆಳೆಯಬಹುದು. ಎಳೆ ಹೊಸೆಯುವ ಬೆರಳಿಗೆ ಸೀಳು ಉಗುರು ಬಂದರೆ ಪ್ರತಿ ಎಳೆಯೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆಕೆಗೆ ಇದನ್ನು ಮೊದಲೇ ಹೇಳಿದೆವು. "ಉಗುರ ಹೋದ್ರ ಹೋಗ್ಲಿರಿ, ಬ್ಯಾನಿ ಹೋಗ್ಲಿ," ಅಂದರು.

ಆಪರೇಷನ್ ಆದದ್ದು ಬೆಳಗಾವಿಯಲ್ಲಿ, ಕೈಯ ಸರ್ಜರಿ ಮಾಡುವ ಪ್ಲಾಸ್ಟಿಕ್ ಸರ್ಜನ್ ಹತ್ತಿರ. ಬೆರಳಿಗಷ್ಟೇ ಮರಗಟ್ಟುವ ಸೂಜಿ. ಉಗುರು ಮೆಲ್ಲಗೆ ಎತ್ತಿ, ನೇಲ್ ಬೆಡ್ಡನ್ನು ಉದ್ದಕ್ಕೆ ಸೀಳಿ, ಗಂಟನ್ನು ಸಿಪ್ಪೆಯಿಂದ ಕಾಳು ಬಿಡಿಸುವ ಹಾಗೆ ಇಡಿಯಾಗಿ ಬಿಡಿಸಿದರು. ಆಮೇಲೆ ಕೂದಲಿನಷ್ಟು ಸಣ್ಣ, ತಾನೇ ಕರಗುವ ದಾರದಲ್ಲಿ ಹೊಲಿದು, ತೆಗೆದ ಉಗುರನ್ನೇ ಮುಚ್ಚಳದ ಹಾಗೆ ಮೇಲಿಟ್ಟರು. ಸರ್ಜನ್ ನನಗೆ ವಾಟ್ಸಾಪಿನಲ್ಲಿ ಚಿತ್ರ ಕಳಿಸಿದರು. ಗಾಜ್ ಬಟ್ಟೆಯ ಮೇಲೆ ಮುತ್ತಿನ ಹಾಗಿರುವ ಒಂದು ನಸುಗೆಂಪು ಕಾಳು, ಪಕ್ಕದಲ್ಲಿ ಅಳತೆಪಟ್ಟಿ. ನಾಲ್ಕೂವರೆಗೆ ಸ್ವಲ್ಪ ಕಡಿಮೆ. ನಾಲ್ಕು ವರ್ಷದ ಹಿಂದೆ ಉಗುರು ಕಿತ್ತವರಿಗೆ ಇದು ಯಾಕೆ ಸಿಗಲಿಲ್ಲ ಅಂತ ಆಕೆಯ ಮಗಳು ಕೇಳಿದ್ದಳು. ಗಂಟು ಇದ್ದದ್ದು ಆ ಮೆತ್ತನೆ ಪದರದ ಒಳಗೆ, ಎಲುಬಿಗೆ ಅಂಟಿಕೊಂಡು. ಪದರ ಸೀಳದೆ ಅದು ಕಾಣುವಂತಿರಲಿಲ್ಲ.

ವಾರದ ಮೇಲೆ ಬಯಾಪ್ಸಿ ರಿಪೋರ್ಟ್ ಬಂತು. ರಕ್ತನಾಳಗಳ ಸುತ್ತ ಒಂದೇ ಸಮನಾದ ದುಂಡನೆಯ ಜೀವಕೋಶಗಳು. ಗ್ಲೋಮಸ್ ಗಡ್ಡೆ, ಕ್ಯಾನ್ಸರ್ ಅಲ್ಲ.

ಆಮೇಲೆ

ಮೊದಲ ವಾರ ಗಾಯದ ನೋವು ಇತ್ತು. ಮೂರನೇ ವಾರ ಮಗಳು ಫೋನ್ ಮಾಡಿ, ಅವ್ವ ಹಿತ್ತಲದ ತೊಟ್ಟಿಯ ನೀರಲ್ಲಿ ಪಾತ್ರೆ ತೊಳೆದಳು ಅಂತ ಹೇಳಿದಳು. ಏಳು ವರ್ಷ ಆ ಕೆಲಸಕ್ಕೆ ನೀರು ಕಾಸಿಕೊಳ್ಳುತ್ತಿದ್ದರು.

ಕೈ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಬರಲಿಕ್ಕೆ ಐದಾರು ತಿಂಗಳು. ಮೂರು ತಿಂಗಳ ಮೇಲೂ ಹಳೇ ನೋವು ಉಳಿದರೆ ತಪ್ಪದೇ ಬಂದು ಮತ್ತೆ ಸ್ಕ್ಯಾನ್ ಮಾಡಿಸಿ ಅಂತ ಹೇಳಿ ಕಳಿಸಿದ್ದೆ. ಅವರು ಬರಲಿಲ್ಲ. ಜುಲೈನಲ್ಲಿ ಬಂದರು. ಉಗುರು ಬೆಳೆದಿತ್ತು, ಹೊಲಿಗೆಯ ಜಾಗದಲ್ಲಿ ಒಂದು ಸಣ್ಣ ಏರು ಗೆರೆ ಉಳಿದಿತ್ತು, ಸೀಳು ಇರಲಿಲ್ಲ. ಜೆಲ್ ಗುಡ್ಡೆ ಹಾಕಿ ನೋಡಿದೆ. ಕಪ್ಪು ಗಂಟು ಇಲ್ಲ, ಬಣ್ಣ ಇಲ್ಲ. ಎಲುಬಿನ ತಗ್ಗು ಹಾಗೇ ಇತ್ತು. ಮತ್ತೆ ಹಾಸು ಜೋಡಿಸುವ ಕೆಲಸಕ್ಕೆ ಕೂತಿದ್ದೇನೆ ಅಂದರು.

ಆ ದಿನ ಅವರು ಬಂದದ್ದು ತಮಗಾಗಿ ಅಲ್ಲ. ಪಕ್ಕದ ಮನೆಯ ಹುಡುಗನನ್ನು ಕರೆತಂದಿದ್ದರು. 16 ವರ್ಷ, ಕಬಡ್ಡಿ ಆಡುವವನು. ಕಾಲಿನ ಹೆಬ್ಬೆರಳ ಉಗುರು ಒಂದು ಕಡೆ ಮೇಲೆದ್ದಿತ್ತು, ಕೆಳಗೆ ಕಲ್ಲಿನಂಥ ಗಟ್ಟಿ. ಉಗುರು ಒಳಗೆ ಬೆಳೆದಿದೆ ಅಂತ ಎರಡು ಸಲ ಕತ್ತರಿಸಿದ್ದರಂತೆ. ಹುಡುಗ ಕಾಲು ಚಾಚಲಿಕ್ಕೆ ಹೆದರುತ್ತಿದ್ದ.

"ಹೆದರಬ್ಯಾಡೋ ತಮ್ಮಾ, ಬಾಯಾರು ಒತ್ತೂದಿಲ್ಲ. ಮ್ಯಾಲ ಹಂಗ ಹಿಡದ ನೋಡ್ತಾರ," ಅಂತ ಆಕೆ ಅವನ ಪಕ್ಕ ಕೂತರು.

ಜೆಲ್ ಹಾಕಿ ಪ್ರೋಬ್ ತೇಲಿಸಿದೆ. ಎಲುಬಿನ ಬೆಳ್ಳಗಿನ ಗೆರೆ ಮುರಿಯದೆ ಹಾಗೇ ಮೇಲೆ ಏರಿ, ಉಗುರನ್ನು ಎತ್ತಿ ಹಿಡಿದಿತ್ತು. ಅದರ ಹಿಂದೆ ಕಪ್ಪು ನೆರಳು. ಡಾಪ್ಲರಿನಲ್ಲಿ ಒಳಗೆ ಬಣ್ಣ ಇಲ್ಲ. ಇದು ಎಲುಬಿನದೇ ಬೆಳವಣಿಗೆ. ಇದಕ್ಕೆ ನನ್ನ ಪ್ರೋಬಿಗಿಂತ ಎಕ್ಸ್‌ರೇ ವಾಸಿ. ಚೀಟಿಯಲ್ಲಿ "ಎದುರಿನಿಂದ ಒಂದು, ಪಕ್ಕದಿಂದ ಒಂದು" ಅಂತ ಬರೆದು, ಪಕ್ಕದಿಂದ ಅನ್ನುವುದಕ್ಕೆ ಎರಡು ಗೆರೆ ಎಳೆದು, ಅವರನ್ನು ಎಕ್ಸ್‌ರೇ ಕೋಣೆಗೆ ಕಳಿಸಿದೆ.